ದಾವಣಗೆರೆಯ ನಾಯಿ ಹುಡುಗರು: ಒಬ್ಬ ಖಾನಾವಳಿಯವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಒಂದು ಫೋನ್ ಮಾಡಿದರೆ ಸಾಕು, ಗಾಡಿ ಬಂದು ಬೀದಿಯ ನಾಯಿಗಳನ್ನೆಲ್ಲ ಎತ್ತಿಕೊಂಡು ಹೋಗಬೇಕು ಅನ್ನುವವರಿಗೆ, ನಮ್ಮೂರ ಬೀದಿ ನಾಯಿ, ದನಗಳ ಆರೈಕೆಗೆ ಓಡಾಡುವ ಈ ಹುಡುಗರ ತಂಡ ಆಗಿಬರುವುದಿಲ್ಲ. ಇವರಿಗೆ ಫೋನ್ ಮಾಡಿದರೆ ಅರ್ಧ ಕೆಲಸ ನಿಮ್ಮ ತಲೆಗೇ ಬರುತ್ತದೆ. ನನಗೂ ಬಂತು. ಆದರೂ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಈಗ ಯಾವ ಕಟ್ಟೆ ಮೇಲೆ ಕೂತರೂ ಬೀದಿ ನಾಯಿ ವಿಷಯವೇ ಅಲ್ವಾ.

ತಂಡದ ಹೆಸರು ಹಾಕುತ್ತಿಲ್ಲ. ಅವರೇ ಬೇಡ ಅಂದರು. ಹೆಸರು, ಮನೆ ನಾಲ್ಕು ಜನಕ್ಕೆ ಗೊತ್ತಾದರೆ ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ರಟ್ಟಿನ ಡಬ್ಬಿಯಲ್ಲಿ ಮರಿಗಳನ್ನು ಇಟ್ಟು ಹೋಗಿರುತ್ತಾರಂತೆ. ನಿಜವಾಗಲೂ ಬೇಕಾದವರು ಪಶು ಆಸ್ಪತ್ರೆಗೆ ಹೋಗಿ ಕೇಳಿ, ಅಲ್ಲಿ ಇವರನ್ನು ಎಲ್ಲರೂ ಬಲ್ಲರು.

ನಮ್ಮದು ಹದಡಿ ರಸ್ತೆ ಕಡೆ ಒಳಗಲ್ಲಿಯಲ್ಲಿ ಸಣ್ಣ ಖಾನಾವಳಿ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ನಾನು, ನನ್ನ ನೆಗೆಣ್ಣಿ ಇಬ್ಬರೇ ನಡೆಸುತ್ತೇವೆ. ಹಾಸ್ಟೆಲ್ ಊಟ ಬೇಸರವಾದ ಕಾಲೇಜು ಹುಡುಗರೇ ಜಾಸ್ತಿ ಬರುತ್ತಾರೆ. ಹಿಂದೆ ಒಂದು ಖಾಲಿ ಸೈಟು. ರೊಟ್ಟಿ ಉಳಿಯುವ ಕಡೆ ನಾಯಿ ಇದ್ದೇ ಇರುತ್ತದೆ. ಅದರಲ್ಲಿ ಕೆಂಚಿ ಅಂತ ಒಂದು ಹೆಣ್ಣು. ವರ್ಷಕ್ಕೆ ಎರಡು ಸಲ ಮರಿ ಹಾಕುವುದು, ಅದರಲ್ಲಿ ಅರ್ಧ ಗಾಡಿ ಕೆಳಗೆ ಸಿಕ್ಕಿ ಸಾಯುವುದು, ಇನ್ನು ಕೆಲವು ರಕ್ತಭೇದಿಯಾಗಿ ಸಾಯುವುದು, ಉಳಿದ ಒಂದೆರಡು ದೊಡ್ಡವಾಗಿ ರಾತ್ರಿ ಬೈಕಿನವರನ್ನು ಅಟ್ಟಿಸಿಕೊಂಡು ಹೋಗುವುದು. ಎದುರು ಮನೆಯ ಮೇಷ್ಟ್ರು ದಿನಾ ಜಗಳ. "ನೀವು ರೊಟ್ಟಿ ಹಾಕೋದಕ್ಕೇ ಇವು ಇಲ್ಲಿ ಬಿದ್ದಿರೋದು ಕಣಮ್ಮ" ಅಂತ. ಊಟಕ್ಕೆ ಬರುವ ಒಬ್ಬ ಹುಡುಗ ಈ ತಂಡದ ನಂಬರ್ ಕೊಟ್ಟ.

ಬಂದವರು ಇಬ್ಬರು. ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡ್ ನೇತು ಹಾಕಿಕೊಂಡಿದ್ದ ಒಬ್ಬಳು ಹುಡುಗಿ, ಖಾಕಿ ಅಂಗಿಯ ಒಬ್ಬ ಆಟೋ ಡ್ರೈವರ್. ನಾಯಿ ಮುದ್ದು ಮಾಡಿ ಫೋಟೊ ಹೊಡೆಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹುಡುಗಿ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಗಲ್ಲಿಯಲ್ಲಿ ಒಟ್ಟು ಎಷ್ಟು ನಾಯಿ, ಹೆಣ್ಣೆಷ್ಟು, ಯಾವುದರ ಕಿವಿ ಈಗಾಗಲೇ ಕತ್ತರಿಸಿದೆ (ಮರಿ ಆಗದ ಹಾಗೆ ಆಪರೇಷನ್ ಆಗಿದೆ ಅನ್ನುವ ಗುರುತು ಅದು), ಯಾರನ್ನಾದರೂ ಕಚ್ಚಿದೆಯಾ, ಊಟ ಹಾಕುವವರು ಯಾರ್ಯಾರು, ಎಷ್ಟು ಗಂಟೆಗೆ. ಜನಗಣತಿಯವರೂ ಇಷ್ಟು ಕೇಳುವುದಿಲ್ಲ. ನನ್ನ ಒಲೆ ಮೇಲೆ ಬೇಳೆ ಉಕ್ಕುತ್ತಿತ್ತು, ಇವಳ ಪ್ರಶ್ನೆ ಮುಗಿಯಲಿಲ್ಲ.

ಆಗ ಗೊತ್ತಾಗಿದ್ದು ಏನೆಂದರೆ ಸಂತಾನಹರಣದ ಆಪರೇಷನ್ ಇವರು ಮಾಡುವುದಿಲ್ಲ. ಯಾರು ಬೇಕಾದರೂ ಮಾಡುವ ಹಾಗೂ ಇಲ್ಲ. ಕೇಂದ್ರ ಸರ್ಕಾರದ 2023ರ ನಿಯಮದಂತೆ ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು, ಅದು ಪಾಲಿಕೆಯಂಥ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಇವರ ಪಾಲಿನ ಕೆಲಸ ಪಟ್ಟಿ ಮಾಡುವುದು, ಅರ್ಜಿ ಕೊಡುವುದು, ಬೆನ್ನು ಬಿಡದೆ ಕೇಳುವುದು, ಗಾಡಿ ಬಂದ ದಿನ ನಾಯಿ ಹಿಡಿಯಲು ನಿಲ್ಲುವುದು, ವಾಪಸ್ ಬಂದದ್ದನ್ನು ನೋಡಿಕೊಳ್ಳುವುದು. ಕೇಳುವುದಕ್ಕೆ ಸಪ್ಪೆ ಕೆಲಸ. ವಿಡಿಯೊ ಮಾಡಿದರೆ ಯಾರೂ ನೋಡುವುದಿಲ್ಲ. ಆದರೆ ಯಾರೂ ಮಾಡದೆ ಬಿಟ್ಟಿದ್ದ ಕೆಲಸವೂ ಇದೇ.

ಕೆಂಚಿಯನ್ನು ಆಪರೇಷನ್ನಿಗೆ ಒಯ್ಯುವ ಹಿಂದಿನ ದಿನ ಹುಡುಗಿ ಫೋನ್ ಮಾಡಿ "ಆಂಟಿ, ರಾತ್ರಿಯಿಂದ ಕೆಂಚಿಗೆ ಏನೂ ಹಾಕಬೇಡಿ" ಅಂದಳು. ಹೊಟ್ಟೆಯಲ್ಲಿ ಊಟ ಇದ್ದರೆ ಅರಿವಳಿಕೆ ಕೊಟ್ಟಾಗ ಮೇಲೆ ಬಂದು ಉಸಿರಿನ ಕೊಳವೆಗೆ ಹೋಗುತ್ತದಂತೆ. ಸರಿ ಅಂದೆ. ಖಾನಾವಳಿಯವಳಿಗೆ ಹೇಳುವ ಮಾತೇ ಅದು? ಕೆಂಚಿ ಹಿತ್ತಲ ಬಾಗಿಲಲ್ಲಿ ಕೂತು ರೊಟ್ಟಿ ತಟ್ಟುವ ಸದ್ದಿಗೆಲ್ಲ ಕಿವಿ ಎತ್ತುತ್ತಿತ್ತು. ನೆಗೆಣ್ಣಿ ಎರಡು ಸಲ ತುಂಡು ಕೈಗೆತ್ತಿಕೊಂಡಳು, ಎರಡು ಸಲವೂ ನನ್ನಿಂದ ಬೈಸಿಕೊಂಡಳು. ಊಟಕ್ಕೆ ಬಂದ ಹುಡುಗರಿಗೂ ಕಟ್ಟಪ್ಪಣೆ ಮಾಡಿದೆ, ಕೈ ತೊಳೆಯಲು ಹೋಗುವ ನೆಪದಲ್ಲಿ ಯಾರೂ ಏನೂ ಎಸೆಯಬಾರದು ಅಂತ.

ಬೆಳಿಗ್ಗೆ ಪಾಲಿಕೆ ಕಡೆಯಿಂದ ಬಲೆ ಹಿಡಿದುಕೊಂಡು ಬಂದರು. ಬಲೆ ನೋಡಿದ ಕೂಡಲೇ ಉಳಿದ ನಾಯಿಗಳು ಚೆಲ್ಲಾಪಿಲ್ಲಿ. ಕೆಂಚಿ ಮಾತ್ರ ಸೈಟಿನ ಮೂಲೆಗೆ ಹೋಗಿ ಹಲ್ಲು ಕಿರಿಯಿತು. ಆಟೋದವರು ಎಲ್ಲರನ್ನೂ ನಿಲ್ಲಿಸಿ, ಅದಕ್ಕೆ ಅರ್ಧ ಬೆನ್ನು ಮಾಡಿ ನೆಲದ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ಕರೆಯಲೂ ಇಲ್ಲ. ಸುಮ್ನೆ ಬೀಡಿ ಕಟ್ಟು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು. ಎಷ್ಟೋ ಹೊತ್ತಾದ ಮೇಲೆ ಕೆಂಚಿಯೇ ಬಂದು ಬೆನ್ನು ಮೂಸಿತು. ಆಗ ಮೆಲ್ಲಗೆ ಟವೆಲ್ ತಲೆ ಮೇಲೆ ಬಿತ್ತು, ಬಲೆ ಬೇಕಾಗಲೇ ಇಲ್ಲ.

ಒಂದು ವಾರದೊಳಗೆ ವಾಪಸ್ ಬಂತು. ಹೊಟ್ಟೆಯ ಮೇಲೆ ಕೂದಲು ಬೋಳಿಸಿದ ಜಾಗದಲ್ಲಿ ಬೆರಳುದ್ದದ ಹೊಲಿಗೆ, ಒಂದು ಕಿವಿಯಲ್ಲಿ ಕತ್ತರಿಸಿದ ಗುರುತು, ರೇಬಿಸ್ ಲಸಿಕೆಯೂ ಆಗಿತ್ತು. ಹುಡುಗಿ ಮೊಬೈಲಿನಲ್ಲಿ ಮೊದಲು ತೆಗೆದ ಫೋಟೊ ನೋಡಿಕೊಂಡು ಅದೇ ಸೈಟಿನಲ್ಲೇ ಬಿಡಿಸಿದಳು.

ಮೇಷ್ಟ್ರು ಗೇಟಿಗೆ ಬಂದೇ ಬಂದರು. "ಅಲ್ಲಮ್ಮ, ಹಿಡ್ಕೊಂಡು ಹೋದವರು ಮತ್ತೆ ಇಲ್ಲೇ ಯಾಕೆ ತಂದು ಬಿಟ್ರಿ?"

ಹುಡುಗಿ ಹೇಳಿದ್ದನ್ನು ನನ್ನ ಮಾತಲ್ಲೇ ಬರೆಯುತ್ತೇನೆ. ಒಂದು ಗಲ್ಲಿಯ ನಾಯಿಗಳನ್ನೆಲ್ಲ ಸಾಗಿಸಿದರೆ ಜಾಗ ಖಾಲಿ ಉಳಿಯುವುದಿಲ್ಲ. ರೊಟ್ಟಿ, ಕಸ ಎಲ್ಲ ಹಾಗೇ ಇರುತ್ತದಲ್ಲ, ಪಕ್ಕದ ಗಲ್ಲಿಯವು ಬರುತ್ತವೆ. ಅವಕ್ಕೆ ಲಸಿಕೆ ಆಗಿರುವುದಿಲ್ಲ, ಮರಿ ಬೇರೆ ಹಾಕುತ್ತವೆ. ಲಸಿಕೆ ಆದ, ಮರಿ ಹಾಕದ ನಾಯಿ ಅಲ್ಲೇ ಇದ್ದರೆ ಹೊಸವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾನೂನೂ ಹಾಗೇ ಇದೆ. ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರಿಗೆ ಸಾಗಿಸಿ ಅಂತ ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ಹೇಳಿದ್ದು ದೊಡ್ಡ ಸುದ್ದಿಯಾಯಿತಲ್ಲ, ಅದನ್ನು ಆಗಸ್ಟ್ 22ರಂದು ಬದಲಾಯಿಸಿತು. ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕು, ರೇಬಿಸ್ ಇರುವಂಥವು, ಮೈಮೇಲೆ ಬೀಳುವಂಥವನ್ನು ಬಿಡುವ ಹಾಗಿಲ್ಲ ಅಂದಿತು. ಮುಂದೆ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆ ಹಿಡಿದವನ್ನು ಮತ್ತೆ ಅಲ್ಲಿಗೇ ಬಿಡಬಾರದು ಅಂತಲೂ ಹೇಳಿತು. ನಮ್ಮದು ಖಾಲಿ ಸೈಟು, ಹಾಗಾಗಿ ಕೆಂಚಿ ಇಲ್ಲೇ.

ಮೇಷ್ಟ್ರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ನನಗೆ ಕೇಳಿದರೆ ಅವರ ಮಾತಲ್ಲೂ ಹುರುಳಿದೆ. ಅವರ ಮೊಮ್ಮಗಳು ಟ್ಯೂಷನ್ ಮುಗಿಸಿ ಕತ್ತಲಲ್ಲಿ ನಡೆದು ಬರುತ್ತಾಳೆ. ಈ ತಂಡದ ಕೆಲವು ಎಳೆ ಹುಡುಗರು ಇಂಥ ಮಾತಿಗೆ "ಹೆದರಬೇಡಿ ಅಂಕಲ್, ಅವು ಏನೂ ಮಾಡಲ್ಲ" ಅಂತ ನಕ್ಕುಬಿಡುತ್ತಾರೆ. ಅದು ನನಗೆ ಸೇರುವುದಿಲ್ಲ. ಹೆದರಿದವರಿಗೆ ಹೆದರಬೇಡಿ ಅಂದರೆ ಹೆದರಿಕೆ ಹೋಗುತ್ತದೆಯೇ? ನಾಯಿಗಳ ಜೊತೆ ತೋರಿಸುವ ತಾಳ್ಮೆಯಲ್ಲಿ ಸ್ವಲ್ಪ ಮನುಷ್ಯರಿಗೂ ಇಟ್ಟುಕೊಳ್ಳಲಿ. ಒಂದು ಸ್ಟಾರ್ ಕಡಿಮೆ ಮಾಡಿದ್ದರಲ್ಲಿ ದೊಡ್ಡ ಪಾಲು ಇದಕ್ಕೇ.

ಐಡಿ ಕಾರ್ಡಿನ ಹುಡುಗಿ ಹಾಗಲ್ಲ. ಅವಳು ಮೇಷ್ಟ್ರ ಜೊತೆ ಸಂಜೆ ಗಲ್ಲಿಯಲ್ಲಿ ನಡೆದು ಬಂದಳು, ನಾಯಿಗಳು ಎಲ್ಲಿ ಕಾಯುತ್ತವೆ ಅಂತ ನೋಡಿದಳು. ಆಮೇಲೆ ನನ್ನ ಬಳಿ ಬಂದು ಊಟದ ಜಾಗ, ಹೊತ್ತು ಎರಡನ್ನೂ ಬದಲಾಯಿಸಿದಳು. ರಸ್ತೆ ಬದಿಗೆ ಹಾಕುವುದು ಬಂದ್. ಬೆಳಿಗ್ಗೆ ಆರಕ್ಕೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಸೈಟಿನ ಹಿಂದಿನ ಗೋಡೆ ಹತ್ತಿರ ಮಾತ್ರ. ತಿಂದ ಜಾಗ ಗುಡಿಸುವುದು ನಮ್ಮ ಕೆಲಸ. ಊಟ ಅಲ್ಲೇ ಸಿಗುತ್ತದೆ ಅಂತ ಗೊತ್ತಾದ ಮೇಲೆ ಸಂಜೆ ಹೊತ್ತು ರಸ್ತೆಗೆ ಅಡ್ಡಲಾಗಿ ಗುಂಪು ಕೂರುವುದು ಕಡಿಮೆಯಾಯಿತು. ಬೈಕು ಅಟ್ಟುವುದು ಪೂರ್ತಿ ನಿಂತಿಲ್ಲ. ಮೇಷ್ಟ್ರು ಜಗಳ ಕಡಿಮೆ ಮಾಡಿದ್ದಾರೆ, ಬಿಟ್ಟಿಲ್ಲ.

ಇದೇ ಹುಡುಗಿ ಶಾಲೆಗಳಿಗೂ ಹೋಗುತ್ತಾಳೆ. ಸೆಪ್ಟೆಂಬರ್ 28 ರೇಬಿಸ್ ದಿನ, ಅದರ ಆಸುಪಾಸು ಜಾಸ್ತಿ. ಮಕ್ಕಳಿಗೆ ಹೇಳುವುದನ್ನು ನಮ್ಮ ಖಾನಾವಳಿ ನಲ್ಲಿಯ ಮುಂದೆಯೂ ಒಂದು ಮಧ್ಯಾಹ್ನ ಮಾಡಿ ತೋರಿಸಿದಳು. ನಾಯಿ ಕಚ್ಚಿದರೆ, ಉಗುರು ಪರಚಿದರೂ, ಮೊದಲು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಮೆತ್ತಬಾರದು. ಹದಿನೈದು ನಿಮಿಷ ತಾನೇ ಅಂದ ಒಬ್ಬ ಹುಡುಗನ ಕೈಯನ್ನು ನಲ್ಲಿ ಕೆಳಗೆ ಇಡಿಸಿ ಮೊಬೈಲಿನಲ್ಲಿ ಟೈಮರ್ ಹಾಕಿದಳು. ನಾನು ಅಷ್ಟರಲ್ಲಿ ಹತ್ತು ರೊಟ್ಟಿ ತಟ್ಟಿ ಬೇಯಿಸಿದೆ, ಅವನ ಕೈ ಇನ್ನೂ ನೀರಲ್ಲೇ ಇತ್ತು. ನಾವೆಲ್ಲ ಎರಡು ಚೊಂಬು ನೀರು ಹುಯ್ದು ತೊಳೆದೆವು ಅನ್ನುತ್ತೇವೆ ನೋಡಿ.

ತೊಳೆದ ಮೇಲೆ ಸೀದಾ ಸರ್ಕಾರಿ ಆಸ್ಪತ್ರೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಅದನ್ನು ಸೊನ್ನೆ ಅಂತ ಹಿಡಿದು 3, 7, 28ನೇ ದಿನ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಇರುತ್ತದೆ, ಇಮ್ಯುನೋಗ್ಲಾಬ್ಯುಲಿನ್ ಅಂತ, ಅದನ್ನು ಮರೆಯದೆ ಕೇಳಬೇಕು. ಎರಡು ಡೋಸ್ ಆದ ಮೇಲೆ "ಏನೂ ಆಗಿಲ್ಲವಲ್ಲ" ಅಂತ ಬಿಡುವವರೇ ಜಾಸ್ತಿಯಂತೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬೇಕು. ಹಾಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಬರುತ್ತಾಳೆ. ಈ ಒಂದು ಕೆಲಸಕ್ಕೇ ನಾಲ್ಕು ಸ್ಟಾರ್ ಕೊಡಬಹುದು.

ಆಟೋದವರ ಬಗ್ಗೆ ಇನ್ನೊಂದು ಮಾತು. ಮುದಿ ನಾಯಿಯೊಂದಕ್ಕೆ ಕಿವಿಯ ಹಿಂದೆ ಹುಳ ಬಿದ್ದಿತ್ತು. ರೂಪಾಯಿ ಬಿಲ್ಲೆಯಷ್ಟು ತೂತು, ಒಳಗೆ ಮಿಜಿಮಿಜಿ. ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದಿದ್ದೆ. ಯಾರೋ ಆಗಲೇ ಫಿನಾಯಿಲ್ ಹುಯ್ದು ಸುತ್ತಲ ಚರ್ಮ ಬೆಂದು ಹೋಗಿತ್ತು. ಇವರು ನಾಯಿಯ ಬಾಯಿಗೆ ಬಟ್ಟೆ ಕಟ್ಟಿ, ಚಿಮಟದಲ್ಲಿ ಒಂದೊಂದೇ ಹುಳ ಕಿತ್ತು ಪ್ಲಾಸ್ಟಿಕ್ ಲೋಟಕ್ಕೆ ಹಾಕುತ್ತಾ ಹೋದರು. ನಡುವೆ ಸ್ಪ್ರೇ ಹೊಡೆದು ನಿಲ್ಲಿಸುತ್ತಿದ್ದರು, ಒಳಗೆ ಅವಿತವು ಮೇಲೆ ಬರಲಿ ಅಂತ. ಅವಸರವೇ ಇಲ್ಲ. ಆಟೋ ಬಾಡಿಗೆ ಎರಡು ಬಂದವು, ಎರಡನ್ನೂ ಬಿಟ್ಟರು. ಫಿನಾಯಿಲ್, ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಬೇಡಿ, ಹುಳದ ಜೊತೆ ಮಾಂಸವೂ ಸುಡುತ್ತದೆ ಅಂತ ಗಲ್ಲಿಯವರಿಗೆಲ್ಲ ಹೇಳಿ ಹೋದರು. ನಾಲ್ಕು ದಿನ ಬಿಡದೆ ಬಂದು ಡ್ರೆಸಿಂಗ್ ಮಾಡಿದರು.

ನಾಯಿ ಬಿಟ್ಟರೆ ದನ. ಊರಲ್ಲಿ ಹಾಲು ಕರೆದು ಬೀದಿಗೆ ಬಿಡುವವರು ಇದ್ದಾರಲ್ಲ, ಅವರ ದನಗಳು ತಿನ್ನುವುದು ಹೋಟೆಲ್ ಕಸ. ಅನ್ನ ಸಾರು ಕವರಿನಲ್ಲಿ ಗಂಟು ಹಾಕಿ ಎಸೆದರೆ ದನ ಕವರ್ ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಸಗಣಿಯಲ್ಲೂ ಹೋಗುವುದಿಲ್ಲ, ಹೊಟ್ಟೆಯ ಮೊದಲ ಚೀಲದಲ್ಲೇ ಗಂಟಾಗಿ ಕೂರುತ್ತದೆ. ಆಮೇಲೆ ಪಕ್ಕೆ ಕೊಯ್ದೇ ತೆಗೆಯಬೇಕು. ತಂಡದವರು ಈ ರಸ್ತೆಯ ಖಾನಾವಳಿ, ಟೀ ಅಂಗಡಿ, ಮಿರ್ಚಿ ಮಂಡಕ್ಕಿ ಗಾಡಿಯವರಿಗೆಲ್ಲ ಒಂದೇ ಮಾತು ಹೇಳಿದರು: ಹಸಿ ಕಸಕ್ಕೆ ಬಕೆಟ್, ಕವರಿಗೆ ಗಂಟು ಬೇಡ. ಒಬ್ಬ ದನದ ಯಜಮಾನನನ್ನು ಒಪ್ಪಿಸಿ ಬೆಳಿಗ್ಗೆ ತರಕಾರಿ ಸಿಪ್ಪೆ ಒಯ್ಯುವಂತೆ ಮಾಡಿದರು. ಬಕೆಟ್ ವ್ಯವಸ್ಥೆ ಅರ್ಧ ಅಂಗಡಿಗಳಲ್ಲಿ ನಡೆಯುತ್ತಿದೆ, ಇನ್ನರ್ಧದಲ್ಲಿ ಬಕೆಟ್ ನೀರು ತುಂಬಲು ಹೋಯಿತು. ದನಕ್ಕೆ ಜೋರು ಕಾಯಿಲೆ, ಅಪಘಾತ ಅಂದರೆ ಇವರಿಗಿಂತ ಮೊದಲು 1962ಕ್ಕೆ ಫೋನ್ ಮಾಡಿ, ಸರ್ಕಾರದ ಪಶು ಆಂಬುಲೆನ್ಸ್ ನಂಬರ್ ಅದು. ಇವರೂ ಅದನ್ನೇ ಹೇಳುತ್ತಾರೆ.

ಬೇಸಿಗೆಯಲ್ಲಿ ಬೀದಿ ಪ್ರಾಣಿಗಳಿಗೆ ನೀರಿಡಲು ಸಿಮೆಂಟ್ ತೊಟ್ಟಿ ಹಂಚುತ್ತಾರೆ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ. ತೊಟ್ಟಿ ಪುಕ್ಕಟೆ, ಆದರೆ ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ತೆಂಗಿನ ನಾರಿನಿಂದ ಉಜ್ಜಬೇಕು ಅಂತ ಕರಾರು, ಇಲ್ಲದಿದ್ದರೆ ಡೆಂಗಿ ಸೊಳ್ಳೆ. ಉಜ್ಜದವರ ಮನೆಯಿಂದ ತೊಟ್ಟಿ ವಾಪಸ್ ಎತ್ತಿಕೊಂಡು ಹೋದದ್ದೂ ಇದೆ, ನನಗೆ ಅದು ಬಹಳ ಹಿಡಿಸಿತು. ಹಳೇ ಪಿ.ಬಿ. ರಸ್ತೆ ಕಡೆಯ ನಾಯಿಗಳಿಗೆ ರೇಡಿಯಂ ಬೆಲ್ಟ್ ಕಟ್ಟುತ್ತಾರೆ, ರಾತ್ರಿ ಲಾರಿಯವರಿಗೆ ಕಾಣಲಿ ಅಂತ. ಮರಿಗಳಿಗೆ ಕಟ್ಟುವುದಿಲ್ಲ. ಕುತ್ತಿಗೆ ಬೆಳೆದ ಹಾಗೆ ಬೆಲ್ಟ್ ಚರ್ಮದೊಳಗೆ ಇಳಿಯುತ್ತದೆ. ಯಾರಾದರೂ ಪ್ರೀತಿಯಿಂದ ಬೀದಿ ಮರಿಗೆ ದಾರ ಕಟ್ಟಿದ್ದರೆ ದಯವಿಟ್ಟು ಇವತ್ತೇ ಬಿಚ್ಚಿ.

ಈಗ ಕೊರತೆಗಳು. ರಾತ್ರಿ ಹತ್ತರ ಮೇಲೆ ಫೋನ್ ಎತ್ತುವುದಿಲ್ಲ. ಎಲ್ಲರಿಗೂ ಬೇರೆ ಕೆಲಸ, ಪರೀಕ್ಷೆ ಇದೆ, ಒಪ್ಪುತ್ತೇನೆ. ಆದರೆ ಗಾಡಿ ಗುದ್ದುವುದು ರಾತ್ರಿಯೇ ಜಾಸ್ತಿ. ಕನಿಷ್ಠ ಆ ಹೊತ್ತಿಗೆ ಏನು ಮಾಡಬೇಕು ಅಂತ ಒಂದು ಮೆಸೇಜ್ ತಾನಾಗಿ ಬರುವ ಹಾಗೆ ಮಾಡಬಹುದಲ್ಲ. ಶೆಲ್ಟರ್ ಇಲ್ಲ. ಹಾಗಾಗಿ "ಎರಡು ದಿನ ನಿಮ್ಮ ಹತ್ತಿರ ಇಟ್ಕೊಳ್ತೀರಾ ಆಂಟಿ" ಅನ್ನುತ್ತಾರೆ, ಎರಡು ದಿನ ಅನ್ನುವುದು ಎರಡೇ ದಿನ ಆಗಿರುವುದಿಲ್ಲ. ಬೆಕ್ಕಿನ ವಿಷಯ ಇವರಿಗೆ ಅಷ್ಟಕ್ಕಷ್ಟೆ. ಒಮ್ಮೆ ಒಬ್ಬ ಹುಡುಗ, ನಾಯಿ ಮೇಲೆ ಬಿಸಿನೀರು ಎರಚಿದ ಹೆಂಗಸಿನ ವಿಡಿಯೊ ಮುಖ ಕಾಣುವ ಹಾಗೆ ಹಾಕಿಬಿಟ್ಟ. ಆಕೆ ಮಾಡಿದ್ದು ತಪ್ಪೇ. ಆದರೆ ಆಮೇಲೆ ಆ ಬೀದಿಯಲ್ಲಿ ಇವರಿಗೆ ಒಬ್ಬರೂ ಬಾಗಿಲು ತೆಗೆಯಲಿಲ್ಲ. ವಿಡಿಯೊ ತೆಗೆಸಿದ್ದಾರೆ, ಬೀದಿ ಇನ್ನೂ ಕೂಡಿಲ್ಲ.

ಪೊಲೀಸ್ ಕಂಪ್ಲೇಂಟ್ ಕೊಡಬಹುದಿತ್ತಲ್ಲ ಅಂದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಇವತ್ತಿಗೂ ಅಷ್ಟೇ. ನಮ್ಮಲ್ಲಿ ಒಂದು ಊಟವೂ ಬರುವುದಿಲ್ಲ ಅದಕ್ಕೆ. ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಜೈಲು.

ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆಯ ಮಾತೂ ಒಮ್ಮೆ ಎತ್ತಿ ನೋಡಿದೆ. ಪ್ರಾಣಿಬಲಿ ತಡೆ ಕಾನೂನು ರಾಜ್ಯದಲ್ಲಿ 1959ರಿಂದ ಇದೆಯಲ್ಲ, ನೀವೇನು ಮಾಡುತ್ತೀರಿ ಅಂತ. "ಅದನ್ನ ಪೊಲೀಸರು, ಡಿಸಿಯವರು ನೋಡ್ಕೊಳ್ತಾರೆ ಆಂಟಿ, ನಾವು ಬೀದಿ ಕೆಲಸದೋರು" ಅಂದರು. ಜಾಣತನವೋ ಹೆದರಿಕೆಯೋ, ನಾನು ಮುಂದೆ ಕೇಳಲಿಲ್ಲ.

ಇನ್ನು ಪಾತ್ರೆ ಕಥೆ. ನಮ್ಮದು ಲಿಂಗಾಯತ ಖಾನಾವಳಿ, ಮೊಟ್ಟೆಯೂ ಒಳಗೆ ಬರುವುದಿಲ್ಲ. ಇವರು ಒಂದು ದಿನ ಬಂದು, ಕೋಳಿ ಕಾಲು ಹಾಕಿ ಅನ್ನ ಬೇಯಿಸಲು ದೊಡ್ಡ ಪಾತ್ರೆ ಕೊಡುತ್ತೀರಾ ಅಂದರು. ನೆಗೆಣ್ಣಿಯ ಮುಖ ನೋಡಬೇಕಿತ್ತು. ಕೊನೆಗೆ ಅಟ್ಟದ ಮೇಲಿದ್ದ ಹಳೇ ಅಲ್ಯೂಮಿನಿಯಂ ಬೋಗುಣಿ ಕೊಟ್ಟೆ, "ವಾಪಸ್ ಮಾತ್ರ ತರಬೇಡಿ" ಅಂತ ಹೇಳಿ. ಆ ಮಾತನ್ನು ಚೆನ್ನಾಗಿ ಪಾಲಿಸಿದ್ದಾರೆ. ತೊಟ್ಟಿ ಇಟ್ಟುಹೋಗಲು ಇಸಿದುಕೊಂಡ ಸ್ಟೂಲಿನ ವಿಷಯದಲ್ಲೂ ಪಾಲಿಸುತ್ತಿದ್ದಾರೆ, ಅದನ್ನು ನಾನು ವಾಪಸ್ ಕೇಳಿದ್ದೆ.

ದುಡ್ಡಿನ ವಿಷಯದಲ್ಲಿ ಅಚ್ಚುಕಟ್ಟು. ಕೈಗೆ ನಗದು ತೆಗೆದುಕೊಳ್ಳುವುದಿಲ್ಲ. ಔಷಧಿ ಅಂಗಡಿಯಲ್ಲಿ ಇವರದೊಂದು ಉದ್ರಿ ಲೆಕ್ಕ ಇದೆ, ಅಲ್ಲೇ ಹೋಗಿ ಎಷ್ಟಾದರೂ ಕಟ್ಟಿ ರಸೀದಿ ಇಸಿದುಕೊಳ್ಳಬಹುದು. ತಿಂಗಳ ಕೊನೆಗೆ ಬಿಲ್ಲಿನ ಫೋಟೊ ಗ್ರೂಪಿಗೆ ಬರುತ್ತದೆ. ದುಡ್ಡು ಬೇಡ, ಸಾಮಾನು ಕೊಡುತ್ತೇವೆ ಅನ್ನುವವರು ಹಳೇ ಕಾಟನ್ ಸೀರೆ, ಟವೆಲ್, ಹಳೇ ಪೇಪರ್, ಗೋಣಿಚೀಲ ಕೊಡಿ. ಬಿಸ್ಕೆಟ್ ಪ್ಯಾಕೆಟ್ ಬೇಡವಂತೆ, ಅದನ್ನೇ ಎಲ್ಲರೂ ತಂದು ಸುರಿಯುತ್ತಾರಂತೆ. ಫೋನ್ ಮಾಡುವಾಗ ಬರೀ "ಇಲ್ಲೊಂದು ನಾಯಿ ಬಿದ್ದಿದೆ" ಅನ್ನಬೇಡಿ. ಲೊಕೇಶನ್, ಒಂದು ಸಣ್ಣ ವಿಡಿಯೊ ಕಳಿಸಿ, ಅವರು ಬರುವ ತನಕ ಅಲ್ಲೇ ನಿಲ್ಲಲು ಆಗುತ್ತದಾ ಅಂತ ಮೊದಲೇ ಹೇಳಿ. ನಿಲ್ಲಲು ಆಗುವವರ ಕಡೆಗೆ ಬೇಗ ಬರುತ್ತಾರೆ.